ಒಂದು ‘ಹ’ ತರಲು ಹೋಗಿದ್ದೆವು

ಬಂತು ಕಣ್ರೀ, ಪಾಸ್‌ಪೋರ್ಟು ಬಂತು! ಇವತ್ತು ಬೆಳಿಗ್ಗೆ ಹನ್ನೊಂದು ಗಂಟೆಗೆ ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು, “ಹಂಸ ಅಂದ್ರೆ ಯಾರು?” ಅಂದ. ನಾನು ಎದ್ದ ರಭಸಕ್ಕೆ ಕಾಫಿ ಲೋಟ ಉರುಳಿತು. ಹಂಸ ಅಂದರೆ ನನ್ನ ಮೊಮ್ಮಗಳು. ಒಂದು ವರ್ಷ ಎಂಟು ತಿಂಗಳು. ಆಗ ಅವಳು ಜಗಲಿ ಮೇಲೆ ಕೂತು ನನ್ನ ಎಡಗಾಲಿನ ಚಪ್ಪಲಿಯನ್ನು ಕಚ್ಚುತ್ತಿದ್ದಳು. ಅವಳ ಅಮ್ಮ, ನನ್ನ ಸೊಸೆ ಸವಿತ, ಓಡಿ ಬಂದು ಸೈನ್ ಮಾಡಿದಳು.

ಕನ್ನಡಕ ಹಾಕಿಕೊಂಡು ನಾನು ಮೊದಲು ಹುಡುಕಿದ್ದು ಒಂದೇ ಒಂದು ಅಕ್ಷರ. ಇಂಗ್ಲಿಷಿನಲ್ಲಿ ಅದು ನೆಟ್ಟಗೆ ನಿಂತ ಎರಡು ಗೂಟ, ನಡುವೆ ಒಂದು ಅಡ್ಡಪಟ್ಟಿ. ಏಣಿಯಿಂದ ಒಂದೇ ಮೆಟ್ಟಿಲು ಕಿತ್ತು ಇಟ್ಟ ಹಾಗೆ. ಇತ್ತು! ಹೆಸರಿನ ಮುಂದುಗಡೆ, ಎಲ್ಲರಿಗಿಂತ ಮುಂದೆ, ಜಮ್ ಅಂತ ನಿಂತಿತ್ತು.

ಪರದೇಶದ ಪ್ರವಾಸ ಬರೆಯೋರು ವಿಮಾನ ಹತ್ತಿದ ಮೇಲೆ ಶುರು ಮಾಡ್ತಾರೆ. ನಾನು ವಿಮಾನವನ್ನು ಆಕಾಶದಲ್ಲಿ ಮಾತ್ರ ನೋಡಿದೋನು. ಆದರೆ ಪರದೇಶಕ್ಕೆ ಹೋಗೋ ದಾರಿಯಲ್ಲಿ ಅರ್ಧ ದಾರಿ ಈ ಕಡೆಯೇ ಇರುತ್ತೆ, ಅದನ್ನ ಯಾರೂ ಬರೆಯೋದಿಲ್ಲ. ಆ ಅರ್ಧವನ್ನು ನಾನು ನಡೆದು ಬಂದಿದ್ದೀನಿ. ಅದರ ಕಥೆ ಇದು.

ನನ್ನ ಹೆಸರು ನಿಂಗಯ್ಯ. ಓದಿದ್ದು ನಾಲ್ಕನೇ ಕ್ಲಾಸು. ನಂಜನಗೂಡಿನಲ್ಲಿ ಮೂವತ್ತು ವರ್ಷ ಸೈಕಲ್ ಶಾಪ್ ನಡೆಸಿದೆ. ನನ್ನ ಮಗ ಮಹದೇವ ಇಲ್ಲೇ ಹತ್ತಿರ ತಾಂಡ್ಯದ ಫ್ಯಾಕ್ಟರಿಯಲ್ಲಿ ದೊಡ್ಡ ದೊಡ್ಡ ಏಸಿ ಮಿಷನ್ನು ರಿಪೇರಿ ಮಾಡೋದು ಕಲಿತು ಮಸ್ಕತ್ತಿಗೆ ಹೋದ. ಹೋದಾಗ ಸವಿತಳಿಗೆ ಏಳು ತಿಂಗಳು. ಮಗಳನ್ನು ಅವನು ನೋಡಿದ್ದೆಲ್ಲ ಫೋನಿನಲ್ಲೇ. ಈಗ ಅವನ ಕಂಪನಿಯೋರು, ಸಂಸಾರ ಕರೆಸಿಕೋ ಅಂತ ಮನೆ ಕೊಟ್ಟಿದ್ದಾರೆ. ಒಂದು ತಿಂಗಳು ರಜ. ಆ ರಜ ಮುಗಿಯೋದರೊಳಗೆ ಮಗೂದು ಪಾಸ್‌ಪೋರ್ಟ್ ಆದರೆ ಮೂವರೂ ಒಟ್ಟಿಗೆ ಹೋಗಬಹುದು. ಆಗಲಿಲ್ಲ ಅಂದರೆ ಅವನು ಮತ್ತೆ ಒಬ್ಬನೇ ಹೋಗಬೇಕು, ಇನ್ನೊಂದು ರಜಕ್ಕೆ ಇನ್ನೆರಡು ವರ್ಷ. ಸವಿತಳ ಪಾಸ್‌ಪೋರ್ಟು ಮದುವೆಯಾದ ವರ್ಷವೇ ಆಗಿತ್ತು. ಉಳಿದಿದ್ದು ಈ ಚಪ್ಪಲಿ ಕಚ್ಚೋಳದು ಒಂದೇ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಓದಿದ ಈಗಿನ ಮಕ್ಕಳನ್ನ ಬಿಟ್ಟರೆ ನಮ್ಮ ಕಡೆ ಬಾಯಲ್ಲಿ ‘ಹ’ ಬರೋದಿಲ್ಲ. ಹಾಲು ಅನ್ನೋದಿಲ್ಲ, ಆಲು ಅಂತೀವಿ. ಹೋಗು ಅನ್ನೋದಿಲ್ಲ, ಓಗು ಅಂತೀವಿ. ಇದನ್ನು ಬರೆಯುವಾಗ ಒಂದೊಂದು ‘ಹ’ವನ್ನೂ ನಿಂತು, ನೋಡಿ, ಹಾಕ್ತಾ ಇದ್ದೀನಿ. ಯಾಕೆ ಅಷ್ಟು ಜೋಪಾನ ಅನ್ನೋದು ಮುಂದೆ ಗೊತ್ತಾಗುತ್ತೆ.

ನಂಜನಗೂಡು

ಮೊದಲು ಫೋಟೋ. ನಾಲ್ಕು ವರ್ಷದೊಳಗಿನ ಮಗು ಆದರೆ ಫೋಟೋ ನಾವೇ ತಗೊಂಡು ಹೋಗಬೇಕಂತೆ. ಹಿಂದೆ ಬಿಳಿ ಇರಬೇಕು, ಕಣ್ಣು ಬಿಟ್ಟಿರಬೇಕು, ಬಾಯಿ ಮುಚ್ಚಿರಬೇಕು, ಬೇರೆ ಯಾರ ಕೈಯೂ ಕಾಣಬಾರದು. ನಮ್ಮ ಹಂಸ ಕಣ್ಣು ಬಿಟ್ಟರೆ ಬಾಯೂ ಬಿಡ್ತಾಳೆ. ಬಾಯಿ ಮುಚ್ಚಿದಳು ಅಂದರೆ ನಿದ್ದೆ ಬಂತು ಅಂತ ಅರ್ಥ.

ಸ್ಟುಡಿಯೋದ ಸ್ಟೂಲಿನ ಮೇಲೆ ಕೂರಿಸಿದ ತಕ್ಷಣ ಕಿರುಚಿದಳು. ಕೊನೆಗೆ ನಾನೇ ಸ್ಟೂಲಿನ ಮೇಲೆ ಕೂತೆ. ನನ್ನ ತಲೆ ಮೇಲಿಂದ ಒಂದು ಬಿಳಿ ಪಂಚೆ ಹೊದಿಸಿ, ಅದರ ಮೇಲೆ ಮಗು ಕೂರಿಸಿದರು. ಒಳಗಿಂದ ನಾನು ಅವಳ ಸೊಂಟ ಹಿಡಿದುಕೊಂಡಿದ್ದೆ. ಪಂಚೆಯೊಳಗೆ ಉಸಿರು ಕಟ್ಟುತ್ತಿತ್ತು. “ತಾತ, ಅಲ್ಲಾಡಬೇಡಿ, ಗೋಡೆ ಅಲ್ಲಾಡಿದಂಗೆ ಕಾಣ್ತದೆ,” ಅಂದ ಫೋಟೋದವನು. ಹಾಗಾಗಿ ಆ ಪಾಸ್‌ಪೋರ್ಟ್ ಫೋಟೋದಲ್ಲಿ ನಾನೂ ಇದ್ದೀನಿ. ಹಿಂದಿರೋ ಗೋಡೆ ನಾನೇ.

ಆಮೇಲೆ ಅರ್ಜಿ. ಕಂಪ್ಯೂಟರ್ ಅಂಗಡಿಯಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. ಮದುವೆಯಾಗಿ ಹಾಸನದ ಕಡೆಯಿಂದ ಬಂದು ಇನ್ನೂ ತಿಂಗಳಾಗಿತ್ತಂತೆ.

“ವಿಳಾಸ ಹೇಳಿ ತಾತ.”

“ಮನೆ ನಂಬರು ಅದಿನೇಳು.”

“ಹೂಂ.”

“ಅದಿನಾರು.”

“ಹದಿನೇಳೋ, ಹದಿನಾರೋ?”

“ಎರಡೂ ಕಣವ್ವ. ಅದಿನೇಳು, ಅದಿನಾರು.”

“ಹದಿನೇಳು ಬಾರ್ ಹದಿನಾರಾ? ಸರಿ. ಊರು ಯಾವುದು?”

“ಅದೇ ಊರು!”

ಸವಿತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು, “ನಮ್ಮೂರ ಹೆಸರೇ ಹದಿನಾರು ಅಕ್ಕ. ನಂಬರ್ ಅಲ್ಲ,” ಅಂದಳು. ಆಕೆ ಒಮ್ಮೆ ಸವಿತಳನ್ನು, ಒಮ್ಮೆ ನನ್ನನ್ನು ನೋಡಿ, ಕಂಪ್ಯೂಟರಿನಲ್ಲಿ ಹುಡುಕಿ ನೋಡಿದ ಮೇಲೇ ನಂಬಿದ್ದು.

ಮನೆತನದ ಹೆಸರು ಏನು ಅಂತ ಇನ್ನೊಂದು ಕೇಳಿದಳು. ನಮ್ಮನ್ನ ಊರಿನಲ್ಲಿ ‘ಬಾವಿ ಹಿಂದಲವರು’ ಅಂತಾರೆ. ಅದನ್ನೇ ಹಾಕವ್ವ ಅಂದೆ. ಬಾವಿ ಮುಚ್ಚಿ ಎಷ್ಟೋ ಕಾಲ ಆಯ್ತು, ಮಸ್ಕತ್ತಿನವರು ಬಾವಿ ಎಲ್ಲಿ ಅಂತ ಕೇಳಿದರೆ ಏನು ತೋರಿಸೋದು ಅಂತ ಸವಿತ ಬೇಡ ಅಂದಳು. ಆ ಜಾಗ ಖಾಲಿ ಬಿಟ್ಟರು.

ಮಗೂನ ಆಧಾರ್ ಕಾರ್ಡ್ ನೋಡಿ ಆಕೆ ಹಂಸ ಅಂತ ಟೈಪ್ ಮಾಡಿದಳು. ಜನನ ಪ್ರಮಾಣಪತ್ರ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿತ್ತು. ಭದ್ರವಾಗಿತ್ತು ಅಂತ ಯಾರೂ ಬಿಚ್ಚಿ ಓದಲಿಲ್ಲ.

ಮೈಸೂರು

ಮೈಸೂರಿನ ಪಾಸ್‌ಪೋರ್ಟ್ ಆಫೀಸು ನನಗೆ ಆಗಲೇ ಅರ್ಧ ಪರದೇಶ. ಬಾಗಿಲಲ್ಲಿ ಗಾರ್ಡು, “ತಾಯಿ, ಮಗು ಒಳಗೆ. ತಾತ ಹೊರಗೆ,” ಅಂದ. ಆದರೆ ಹಂಸ ನನ್ನ ಕಿವಿ ಹಿಡಿದುಕೊಂಡಿದ್ದಳು. ಅವಳು ಕಿವಿ ಹಿಡಿದರೆ ಹಲ್ಲಿ ಗೋಡೆ ಹಿಡಿದ ಹಾಗೆ. ಸವಿತ ಬಿಡಿಸಲು ಹೋದಳು, ಮಗು ಬೊಬ್ಬೆ ಹಾಕಿತು, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗಾರ್ಡು ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದು, “ಹೋಗಿ ತಾತ, ಕಿವಿ ಜೊತೆ ನೀವೂ ಹೋಗಿ,” ಅಂದ. ನಾನು ಆ ಆಫೀಸಿನೊಳಗೆ ಹೋಗಿದ್ದು ನನ್ನ ಕಿವಿಗೆ ಜೊತೆಯಾಗಿ.

ಒಳಗೆ ಏನು ತಣ್ಣಗೆ! ಏನು ಸದ್ದಿಲ್ಲ! ನಮ್ಮ ತಾಲ್ಲೂಕು ಆಫೀಸಿನಲ್ಲಿ ಒಬ್ಬರ ಕೆಲಸವನ್ನು ಹತ್ತು ಜನ ಬಗ್ಗಿ ನೋಡ್ತಾರೆ. ಯಾವೂರು, ಯಾರ ಮಗ, ಏನಾಗಬೇಕು ಅಂತ ಕೇಳ್ತಾರೆ. ನಮಗಿಂತ ಮೊದಲು ನಮ್ಮ ಕಷ್ಟ ಸಾಹೇಬರಿಗೆ ಅವರೇ ಹೇಳಿಬಿಡ್ತಾರೆ. ಇಲ್ಲಿ ಯಾರೂ ಯಾರನ್ನೂ ಕೇಳೋದಿಲ್ಲ. ಎಲ್ಲರೂ ಫೈಲನ್ನು ಹಸುಗೂಸಿನ ಹಾಗೆ ಎದೆಗೆ ಅವುಚಿಕೊಂಡು, ಗೋಡೆ ಮೇಲಿನ ಟಿವಿ ನೋಡ್ತಾರೆ. ಟಿವಿಯಲ್ಲಿ ಹಾಡಿಲ್ಲ, ಕುಣಿತ ಇಲ್ಲ, ಬರೀ ನಂಬರು. ನಂಬರು ಬಂದರೆ ಎದ್ದು ಓಡ್ತಾರೆ. ನನ್ನ ಪಕ್ಕದಲ್ಲಿದ್ದ ಒಬ್ಬರು ತಮ್ಮ ಕಾಗದಗಳನ್ನು ತೆಗೆದು, ನೋಡಿ, ಮತ್ತೆ ಒಳಗಿಟ್ಟು, ಮತ್ತೆ ತೆಗೆದು ನೋಡ್ತಿದ್ದರು. ಹಂಸ ಅವರ ಫೋಟೋ ಒಂದನ್ನು ಕೇಳದೆ ತಗೊಂಡಳು. ಪಾಪ, ನಕ್ಕು ಕೊಟ್ಟರು. ಅಷ್ಟು ಹೊತ್ತಿನಲ್ಲಿ ಅಲ್ಲಿ ಯಾರಾದರೂ ನಕ್ಕಿದ್ದು ಅದೇ ಮೊದಲು.

ಮೊದಲನೇ ಕೌಂಟರಿನಲ್ಲಿ ಕಾಗದ ಎಲ್ಲ ಇದೆಯಾ ಅಂತ ಎಣಿಸಿ ಸ್ಕ್ಯಾನ್ ಮಾಡಿದರು. ಮಗನ ಒಪ್ಪಿಗೆ ಪತ್ರ, ಮಸ್ಕತ್ತಿನಲ್ಲಿ ನಮ್ಮ ದೇಶದ ಕಚೇರಿಯ ಮೊಹರು ಹಾಕಿಸಿ ಕಳಿಸಿದ್ದು, ಅದೂ ಸರಿ. ಗಂಡ ಹೆಂಡತಿ ಇಬ್ಬರ ಪಾಸ್‌ಪೋರ್ಟಿನ ಜೆರಾಕ್ಸೂ ಸರಿ. ಎರಡನೇ ಕೌಂಟರಿನಲ್ಲಿ ಒಬ್ಬರು ಮೇಡಮ್ಮು.

“ಪಾಪು ಹೆಸರೇನಮ್ಮ?” ಅಂತ ಸವಿತಳನ್ನು ಕೇಳಿದರು. ನಾನು ಸುಮ್ಮನಿರಬೇಕಾಗಿತ್ತು. ಖುಷಿ ತಡೆಯಲಾರದೆ ನಾನೇ ಅಂದೆ, “ಅಂಸ, ಮೇಡಮ್!”

ಅವರು ಜನನ ಪ್ರಮಾಣಪತ್ರ ನೋಡಿದರು. “ಹೌದು, ಅಂಸ ಅಂತಿದೆ. ಮತ್ತೆ ಅರ್ಜಿಯಲ್ಲಿ ಯಾಕೆ ಹಂಸ ಅಂತ ಹಾಕಿದ್ದೀರಿ?”

ಸವಿತ ಆ ಕಾಗದ ಇಸಿದುಕೊಂಡು ನೋಡಿದಳು. ನಾನೂ ಕನ್ನಡಕ ಹಾಕಿಕೊಂಡು ನೋಡಿದೆ. ಕನ್ನಡದಲ್ಲಿ ‘ಅಂಸ’. ಕೆಳಗೆ ಇಂಗ್ಲಿಷಿನಲ್ಲಿ ಗೂಟ ಇಲ್ಲ, ಅಡ್ಡಪಟ್ಟಿ ಇಲ್ಲ.

“ಇತ್ತೀಚೆಗೆ ಹುಟ್ಟಿದ ಮಕ್ಕಳಿಗೆ ಈ ಪ್ರಮಾಣಪತ್ರವೇ ಆಧಾರ. ಬೇರೇದು ನಡೆಯಲ್ಲ,” ಅಂತ ಮೇಡಮ್ಮು ಮೆತ್ತಗೆ ಹೇಳಿದರು. “ಇದನ್ನ ತಿದ್ದಿಸಿಕೊಂಡು ಬನ್ನಿ. ಅರ್ಜಿ ಇಲ್ಲೇ ಇರುತ್ತೆ.”

ವಾಪಸ್ ಬರುವಾಗ ಬಸ್ಸಿನಲ್ಲಿ ಸವಿತ ಆ ಕಾಗದವನ್ನು ಮತ್ತೆ ಮತ್ತೆ ಬಿಚ್ಚಿ ನೋಡಿದಳು. ಆಮೇಲೆ, “ಮಾವ, ಅವತ್ತು ಹೆಸರು ಬರೆಸಿದ್ದು ನೀವೇ ಅಲ್ವಾ?” ಅಂದಳು.

ಹೌದು, ನಾನೇ. ಸವಿತಳ ತವರು ಮೂಗೂರು. ಮಗು ಹುಟ್ಟಿದ್ದು ಅಲ್ಲೇ ಹತ್ತಿರ, ನರಸೀಪುರದ ಆಸ್ಪತ್ರೆಯಲ್ಲಿ. ಎತ್ತಿಕೊಂಡರೆ ಕತ್ತು ಉದ್ದ ಮಾಡಿ ಎಲ್ಲರನ್ನೂ ನೋಡುತ್ತಿತ್ತು. ಅದಕ್ಕೇ ಹಂಸ ಅಂತ ಹೆಸರು ಹುಡುಕಿದ್ದೂ ನಾನೇ. ಬಾಣಂತಿ ಬರೋ ಹಾಗಿರಲಿಲ್ಲ. ನನ್ನ ಮೊಮ್ಮಗಳ ಹೆಸರನ್ನ ನಾನೇ ಬರೆಸ್ತೀನಿ ಅಂತ ಎದೆಯುಬ್ಬಿಸಿಕೊಂಡು ಹೋದೆ. ಬರೆದುಕೊಂಡವರು ಉತ್ತರ ಕರ್ನಾಟಕದ ಕಡೆಯವರು. ನಮ್ಮ ಕಡೆಯವರಾಗಿದ್ದರೆ ಅಂಸ ಅಂದರೆ ಹಂಸ ಅಂತ ತಾವೇ ತಿಳಿದುಕೊಳ್ತಿದ್ದರು. ಅವರು ಪಾಪ, ನಾನು ಅಂದಿದ್ದನ್ನ ಅಂದ ಹಾಗೇ ಬರೆದರು. ಓದಿ ಹೇಳಿ, “ಸರಿನಾ?” ಅಂದರು. “ಸರಿ ಸಾ,” ಅಂದೆ. ಕನ್ನಡಕ ಮರೆತು ಹೋಗಿದ್ದೆ. ಹಾಗೇ ಸೈನ್ ಹಾಕಿದೆ.

ಮಗ ಬರೋದಕ್ಕೆ ಆಗ ಮೂರು ವಾರ ಇತ್ತು. ಅವನೂ ಅವನ ಮಗಳೂ ಒಟ್ಟಿಗೆ ಇರೋದಕ್ಕೆ ಅಡ್ಡ ನಿಂತಿದ್ದು ನನ್ನ ನಾಲಿಗೆ. ಆ ದಿನ ನನಗೆ ಊಟ ಸೇರಲಿಲ್ಲ. ನನ್ನ ಹೆಂಡತಿ ಸಾಕಮ್ಮ, “ಊರಿಗೆಲ್ಲ ಪಂಚರ್ ಆಕ್ದೋರು, ಮೊಮ್ಮಗಳ ಎಸರಿಗೇ ಮೊಳೆ ಒಡುದ್ರಲ್ಲ,” ಅಂದಳು. ಅಂದು, ತಟ್ಟೆಗೆ ಇನ್ನೊಂದು ಚೂರು ತುಪ್ಪ ಹಾಕಿದಳು.

ತಿ. ನರಸೀಪುರ

ನಮ್ಮ ಕಪಿಲೆ ಹೊಳೆ ನಂಜನಗೂಡು ದಾಟಿ ಹೋಗಿ ನರಸೀಪುರದಲ್ಲಿ ಕಾವೇರಿ ಸೇರುತ್ತೆ. ಯಾವ ಕಾಗದವೂ ಇಲ್ಲದೆ ಸೇರುತ್ತೆ. ನಾವು ಮಾತ್ರ ಒಂದು ಚೀಲ ತುಂಬ ಕಾಗದ ಹೊತ್ತು ಹೋದೆವು. ಸವಿತ ಬರೆದು ಕೊಟ್ಟ ಅಫಿಡವಿಟ್ಟು, ಮಗೂನ ಆಧಾರ್, ಮತ್ತೆ ತಾಯಿ ಕಾರ್ಡು. ಚುಚ್ಚುಮದ್ದು ಹಾಕಿಸುವಾಗ ನಮ್ಮೂರ ಆಶಾ ಕಾರ್ಯಕರ್ತೆ ಅದರಲ್ಲಿ ದುಂಡಗೆ ‘ಹಂಸ’ ಅಂತ ಬರೆದಿದ್ದಳು. ಆ ಹುಡುಗಿಗೆ ಪುಣ್ಯ ಬರಲಿ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಅಭ್ಯಾಸ ಮಾಡಿದೆ. ಹ. ಹ. ಹ. ಮುಂದಿನ ಸೀಟಿನ ಹೆಂಗಸು ತಿರುಗಿ, “ದಮ್ಮಾ ಅಣ್ಣ? ಕಿಟಕಿ ತಗೀಲಾ?” ಅಂದಳು.

ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಬೀಗರು ಕಾಯುತ್ತಿದ್ದರು. ಸವಿತಳ ಅಪ್ಪ, ಬಸವಣ್ಣನವರು. ವಿಷಯ ಆಗಲೇ ಮೂಗೂರಿಗೆಲ್ಲ ಗೊತ್ತಾಗಿತ್ತು.

“ಬೀಗರೇ, ಎಣ್ಣು ಕೊಡುವಾಗ ಪಾತ್ರೆ ಪಗಡ ಎಲ್ಲ ಕೊಟ್ಟೆ. ಒಂದು ‘ಅ’ ಕೊಡಾದು ಮರೆತುಬುಟ್ಟೆ ನೋಡಿ.”

“ನಿಮ್ ತಾವ ಇದ್ರಲ್ವಾ ಕೊಡಾಕೆ? ನೀವೂ ‘ಅ’ ಅಂತಾನೆ ಅಂದ್ರಲ್ಲ!” ಅಂದೆ.

ಆಫೀಸಿನಲ್ಲಿ ಅವತ್ತು ಬರೆದುಕೊಂಡಿದ್ದವರು ಇರಲಿಲ್ಲ, ವರ್ಗ ಆಗಿ ಹೋಗಿದ್ದರಂತೆ. ಬೇರೊಬ್ಬರು ಕೂತಿದ್ದರು. ಹಳೇ ನಮೂನೆ ತೆಗೆಸಿ ನೋಡಿದರು. ಅದರಲ್ಲಿ ‘ಮಾಹಿತಿ ಕೊಟ್ಟವರು’ ಅನ್ನೋ ಕಡೆ ನನ್ನ ಸೈನು, ಒಂದೊಂದು ಅಕ್ಷರವೂ ಒಂದೊಂದು ಕಡೆ ವಾಲಿಕೊಂಡು.

“ನಿಂಗಯ್ಯ ಅಂದ್ರೆ ನೀವೇನಾ? ಏನಂತ ತಿದ್ದಬೇಕು?”

“ಅಂಸ ಅಂತ, ಸಾ.”

“ಅಂಸ ಅಂತಲೇ ಇದೆಯಲ್ಲ.”

“ಅಂಸ ಅಲ್ಲ ಸಾ. ಅಂಸ!”

“ಅದೇ ಯಜಮಾನ್ರೇ, ಅಂಸ.”

“ಅಯ್ಯೋ, ಅದಲ್ಲ ಸಾ... ಅ... ಅ...” ಬಸ್ಸಿನಲ್ಲಿ ಬಂದ ಅಕ್ಷರ ಆಫೀಸಿನಲ್ಲಿ ಓಡಿ ಹೋಗಿತ್ತು. ಬೆವರು ಕಿತ್ತುಕೊಂಡು ಬಂತು.

ಬೀಗರು ನನ್ನ ಭುಜ ತಟ್ಟಿ ಮುಂದೆ ಬಂದರು. “ನೀವು ಸುಮ್ಕಿರಿ ಬೀಗರೇ, ನಾನೇಳ್ತೀನಿ.” ಗಂಟಲು ಸರಿ ಮಾಡಿಕೊಂಡರು. ಎದೆ ತುಂಬ ಉಸಿರು ಎಳೆದುಕೊಂಡರು. “ಸಾ... ಅಂಸ!”

ಸವಿತ ಹೇಳಬಹುದಾಗಿತ್ತು. ಅವಳು ಮಗೂನ ಭುಜದಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಮೈಸೂರಿನಿಂದ ಬಂದಾಗಿನಿಂದ ಅವಳು ನಕ್ಕಿದ್ದನ್ನು ನೋಡಿರಲಿಲ್ಲ. ಅದನ್ನು ನೋಡಿ ನನಗೆ ಧೈರ್ಯ ಬಂತು.

ಅವರು ಒಂದು ಬಿಳಿ ಹಾಳೆ, ಪೆನ್ನು ನನ್ನ ಕಡೆ ತಳ್ಳಿದರು. “ಬರೀತೀರಾ?”

ಬರೀತೀನಾ! ಮರಳ ಮೇಲೆ ನನ್ನ ಬೆರಳು ಹಿಡಿದು ಮೇಷ್ಟ್ರು ಅಕ್ಷರ ತೀಡಿಸಿದ್ದರು. ನಾಲ್ಕು ವರ್ಷ ಓದಿದ್ದರಲ್ಲಿ ಮಗ್ಗಿ ಮರೆತೆ, ಪದ್ಯ ಮರೆತೆ, ಅಕ್ಷರ ಮರೆತಿರಲಿಲ್ಲ. ಈ ಸಲ ಮೊದಲು ಕನ್ನಡಕ ಹಾಕಿಕೊಂಡೆ. ಸೈಕಲ್ಲಿನ ರಿಮ್ಮು ತಿರುಗಿಸಿದ ಹಾಗೆ ನಿಧಾನಕ್ಕೆ ಸುತ್ತಿ, ಮೇಲೆ ತಲೆಕಟ್ಟು ಕೊಟ್ಟು, ಪಕ್ಕದಲ್ಲಿ ಸೊನ್ನೆ ಇಟ್ಟು, ‘ಸ’ ಹಾಕಿದೆ. ಹಂಸ. ಬಾಯಲ್ಲಿ ಇಲ್ಲದ್ದು ಕೈಯಲ್ಲಿತ್ತು.

“ಓ, ಹಂಸ!” ಅಂದರು ಅವರು. ನನ್ನ ಕಡೆ ನೋಡಿ, “ಮೊದಲೇ ಹೇಳೋದಲ್ವಾ?” ಅಂದರು. ಆಮೇಲೆ ಅವರು ಒಳಗೆ ತಿರುಗಿ, “ಲೇ, ಓಗಿ ಆ ತಿದ್ದುಪಡಿ ಫಾರಂ ತಕ್ಕಬಾರ್ಲಾ,” ಅಂತ ಕೂಗಿದರು. ಬೀಗರು ನನ್ನ ಕಾಲು ತುಳಿದರು. ನಾನು ಅವರ ಕೈ ಚಿವುಟಿದೆ.

ತಿದ್ದಿದ ಪ್ರಮಾಣಪತ್ರ ಕೈಗೆ ಬರೋದಕ್ಕೆ ಹನ್ನೊಂದು ದಿನ ಹಿಡೀತು. ಆ ಹನ್ನೊಂದು ದಿನ ಸವಿತ ಕ್ಯಾಲೆಂಡರ್ ಕಡೆ ನೋಡಿದಾಗಲೆಲ್ಲ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ಮತ್ತೆ ಮೈಸೂರು

ಎರಡನೇ ಸಲ ಗಾರ್ಡು ನಮ್ಮ ಗುರುತು ಹಿಡಿದ. “ಬನ್ನಿ ಕಿವಿ ತಾತ,” ಅಂದ. ಒಳಗೆ ಅದೇ ತಂಪು, ಅದೇ ಟಿವಿ. ಎರಡನೇ ಕೌಂಟರಿನಲ್ಲಿ ಅದೇ ಮೇಡಮ್ಮು. ಕಾಗದ ನೋಡಿ, “ಪಾಪು ಹೆಸರೇನು ತಾತ?” ಅಂತ ಬೇಕೂಂತಲೇ ಕೇಳಿದರು, ಕಣ್ಣಲ್ಲಿ ನಗು.

ನಾನು ಬಾಯಿ ಬಿಗಿ ಹಿಡಿದುಕೊಂಡು ಜೇಬಿನಿಂದ ಚೀಟಿ ತೆಗೆದು ತೋರಿಸಿದೆ. ಮನೆಯಿಂದಲೇ ಬರೆದು ತಂದಿದ್ದೆ. ಅವರು ಜೋರಾಗಿ ನಕ್ಕುಬಿಟ್ಟರು. ಟಿವಿ ನೋಡುತ್ತಾ ಕೂತಿದ್ದವರೆಲ್ಲ ನಮ್ಮ ಕಡೆ ನೋಡಿದರು. ಮೂರನೇ ಕೌಂಟರಿನಲ್ಲಿ ಏನೂ ಕೇಳಲಿಲ್ಲ. ಆಯ್ತು, ಮನೆಗೇ ಬರುತ್ತೆ ಅಂದರು. ಹಂಸ ಅವರ ಟೇಬಲ್ಲಿನ ಪೆನ್ನು ಹಿಡಿದುಕೊಂಡೇ ಹೊರಗೆ ಬಂದಿದ್ದಳು. ಗೇಟಿನ ತನಕ ಬಂದಿದ್ದವನು ವಾಪಸ್ ಹೋಗಿ ಕೊಟ್ಟು ಬಂದೆ.

ಹದಿನಾರು

ಮಗ ಬಂದಿದ್ದು ಮೊನ್ನೆ. ಅವನು ಕೈ ಚಾಚಿದರೆ ಹಂಸ ಅವನ ಮುಖ ನೋಡಿದಳು, ಆಮೇಲೆ ಅವನ ಬೆನ್ನ ಹಿಂದೆ ಹೋಗಿ ನೋಡಿದಳು. ಅಪ್ಪ ಅಂದರೆ ಫೋನಿನಷ್ಟು ಇರಬೇಕಾಗಿತ್ತು. ಇಷ್ಟು ದೊಡ್ಡ ಅಪ್ಪ ಎಲ್ಲಿಂದ ಬಂದ ಅಂತ ಅವಳಿಗೆ ಅರ್ಥ ಆಗಲಿಲ್ಲ. ಒಂದು ಇಡೀ ದಿನ ದೂರದಿಂದಲೇ ನೋಡಿದಳು. ನಿನ್ನೆ ಮಧ್ಯಾಹ್ನ ಅವನು ಮಲಗಿದ್ದಾಗ ಹತ್ತಿರ ಹೋಗಿ ಮೆಲ್ಲಗೆ ಅವನ ಕಿವಿ ಹಿಡಿದುಕೊಂಡಳು. ಅವನು ಕಣ್ಣು ಬಿಡಲಿಲ್ಲ. ರೆಪ್ಪೆ ಒದ್ದೆಯಾಗಿತ್ತು. ನನ್ನ ಕಿವಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಅದು ಬೇರೆ ಮಾತು.

ಇವತ್ತು ಪಾಸ್‌ಪೋರ್ಟ್ ಬಂದ ಮೇಲೆ ಅದರ ಫೋಟೋ ತೆಗೆದು ಕಂಪನಿಗೆ ಕಳಿಸಿದ. ಸಂಜೆ ಹೊತ್ತಿಗೆ, “ವೀಸಾ ಕೆಲಸ ಶುರು ಮಾಡಿದ್ದೀವಿ, ನಿನ್ನ ರಜದೊಳಗೇ ಆಗುತ್ತೆ” ಅಂತ ಉತ್ತರ ಬಂತು. ಅದನ್ನು ಕೇಳಿ ಸವಿತ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದಳು. ಅಷ್ಟರಲ್ಲಿ ಬೀಗರೂ ಬಂದಿಳಿದರು. ಮೂಗೂರಿನಿಂದ ಬುಟ್ಟಿಯಲ್ಲಿ ಒಂದು ಹುಂಜ ಇಟ್ಟುಕೊಂಡು ಬಂದಿದ್ದರು.

ಸಾಕಮ್ಮ ಒಲೆ ಮುಂದೆ ಕೂತೇ, “ಎಸರು ಸರಿಯಾಗೈತಾ, ಇನ್ನೊಂದು ಸಲ ನೋಡಿ,” ಅಂತ ಕೂಗಿದಳು. ನಾನು ಹೋಗಿ ಪಾತ್ರೆಯೊಳಗೆ ಬಗ್ಗಿ ನೋಡಿ, “ಕುದೀತಾ ಐತೆ, ಇಟ್ಟು ಆಕು,” ಅಂದೆ. “ಮುದ್ದೆ ಎಸರಲ್ಲ ಮಾರಾಯ್ರೇ, ಮಗಿನ ಎಸರು!” ಅಂದಳು. ನಮ್ಮ ಮನೆಯಲ್ಲಿ ಎರಡಕ್ಕೂ ಒಂದೇ ಮಾತು. ಇಷ್ಟು ದಿನ ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ.

ರಾತ್ರಿ ಊಟಕ್ಕೆ ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕೂತೆವು. ನಾನು, ಬೀಗರು, ಮಹದೇವ, ಸವಿತ. ಬಡಿಸೋದು ಸಾಕು ಬಾ ಅಂತ ಸಾಕಮ್ಮನನ್ನೂ ಎಳೆದು ಕೂರಿಸಿದೆವು. ಬಿಸಿ ಮುದ್ದೆ, ಹುಂಜದ ಸಾರು. ಹಂಸ ಅವಳ ಅಪ್ಪನ ತೊಡೆ ಮೇಲೆ ಕೂತಿದ್ದಳು. ಪಾಸ್‌ಪೋರ್ಟನ್ನು ಗೂಡಿನಲ್ಲಿ ದೇವರ ಪಕ್ಕ ಇಟ್ಟು ಅರಿಶಿನ ಕುಂಕುಮ ಹಚ್ಚಲು ಹೋಗಿದ್ದ ಸಾಕಮ್ಮನನ್ನು ಮಹದೇವ ತಡೆದಿದ್ದ. ಹೊರಗಿನ ಕವರಿಗೆ ಮಾತ್ರ ಹಚ್ಚಿದ್ದಳು.

ಮಹದೇವ ಒಂದು ತುಣುಕು ಮುದ್ದೆಯನ್ನು ಸಾರಿನಲ್ಲಿ ಅದ್ದಿ ಮಗಳ ಬಾಯಿ ಹತ್ತಿರ ಹಿಡಿದು, “ನಿನ್ನ ಹೆಸರೇನವ್ವ? ಹೇಳಿದ್ರೆ ಕೊಡ್ತೀನಿ,” ಅಂದ.

ಅವಳು ಹೆಸರು ಹೇಳಿದ್ದನ್ನು ನಾವ್ಯಾರೂ ಇದುವರೆಗೆ ಕೇಳಿರಲಿಲ್ಲ. ಕತ್ತು ಉದ್ದ ಮಾಡಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. ಕೊನೆಗೆ ನನ್ನ ಕಡೆ ತಿರುಗಿ, ಮನೆಯೆಲ್ಲ ಕೇಳಿಸೋ ಹಾಗೆ ಅಂದಳು:

“ಅಂಸ!”

ಬೀಗರು ಎತ್ತಿದ್ದ ತುತ್ತನ್ನು ಹಾಗೇ ತಟ್ಟೆಯಲ್ಲಿ ಇಟ್ಟರು.

“ಬೀಗರೇ,” ಅಂದರು, “ನಾಳೆ ಮೊದಲನೇ ಬಸ್ಸಿಗೆ ನರಸೀಪುರಕ್ಕೆ ಒಂಡ್ರಿ. ಮೊದ್ಲು ಇದ್ದೋರು ಸರಿಯಾಗೇ ಬರ್ಕೊಂಡಿದ್ರು!”